ಮೊದಲು ಪುಸ್ತಕ, ಆಮೇಲೆ ಕ್ಯಾಸೆಟ್

ನಿಪ್ಪಾಣಿಯ ನಮ್ಮ ಓಣಿಯಲ್ಲಿ ತಾರಾಬಾಯಿಯಷ್ಟು ಹಟದ ಹೆಂಗಸನ್ನು ನಾನು ಕಂಡಿಲ್ಲ. ಐನಾಪುರದಿಂದ ಮದುವೆಯಾಗಿ ಬಂದವಳು, ತಂಬಾಕು ಕೂಡಿಡುವ ವಖಾರಿ ನೋಡಿಕೊಳ್ಳುವ ಜಯಪಾಲನ ಹೆಂಡತಿ, ನನ್ನ ಪಕ್ಕದ ಮನೆಯವಳು. ಅವಳ ಮಗ ಪಾರಿಸ ಮರಾಠಿ ಶಾಲೆಗೆ ಹೋಗುತ್ತಿದ್ದ. ಮಾತಿನಲ್ಲಿ ಕನ್ನಡ ಚೆನ್ನಾಗಿತ್ತು, ಅಕ್ಷರ ಕಂಡರೆ ಮಾತ್ರ ಮುಖ ತಿರುಗಿಸುತ್ತಿದ್ದ. "ನನ್ನ ಹೊಟ್ಟ್ಯಾಗ ಹುಟ್ಟಿದಂವಗ ನಾ ಬರದ ಒಂದ ಸಾಲ ಓದಾಕ ಬರ್ಲಿಲ್ಲಂದ್ರ ಹೆಂಗ್ರಿ ಅಕ್ಕಾ?" ಎಂದು ನನ್ನ ಮುಂದೆ ಅತ್ತದ್ದುಂಟು.

ಅದಕ್ಕೆ ಅವಳು ಹುಡುಕಿದ ಉಪಾಯ ಸಿನಿಮಾ. ಎಂಬತ್ತರ ದಶಕದ ಕೊನೆಯ ಆ ವರ್ಷಗಳಲ್ಲಿ ಶನಿವಾರ ಬಂತೆಂದರೆ ಟಿವಿ, ವಿಸಿಆರ್ ಬಾಡಿಗೆಗೆ ತರುವ ಹುಚ್ಚು. ಜೈನರ ಮನೆ, ಹೊತ್ತು ಮುಳುಗುವ ಮೊದಲೇ ಊಟ ಮುಗಿಯುತ್ತಿತ್ತು. ಆಮೇಲೆ ಪಡಸಾಲೆಯಲ್ಲಿ ಎಲ್ಲರೂ ಕೂತು ನೋಡುವುದು. ತಾರಾಬಾಯಿ ಕಟ್ಟಳೆ ಹಾಕಿದಳು: ಮೊದಲು ಪುಸ್ತಕ, ಆಮೇಲೆ ಕ್ಯಾಸೆಟ್. ನಮ್ಮೂರ ಅಂಗಡಿಗಳಲ್ಲಿ ಬರೀ ಮರಾಠಿ, ಹಾಗಾಗಿ ಬಸ್ಸು ಹತ್ತಿ ಚಿಕ್ಕೋಡಿಗೆ ಹೋಗಿ ಮಕ್ಕಳ ಒಂದು ಕನ್ನಡ ಕಥೆಪುಸ್ತಕ ತಂದಳು. ಕಳೆದುಹೋದ ಆಡನ್ನು ಹುಡುಕುತ್ತ ಹುಡುಗಿಯೊಬ್ಬಳು ಹೊಳೆಗುಂಟ ನಡೆಯುವ ಕಥೆ. ಅದೇ ಕಥೆಯ ಕನ್ನಡ ಸಿನಿಮಾದ ಕ್ಯಾಸೆಟ್ಟನ್ನು ಅಲ್ಲಿನ ಅಂಗಡಿಯವನಿಗೆ ಹೇಳಿ ಎತ್ತಿಡಿಸಿಯೂ ಬಂದಳು.

ಸಂಜೆ ಅವಳು ಒಂದು ಅಧ್ಯಾಯ ಓದಿ ಹೇಳುವುದು, ಮರುದಿನ ಅದನ್ನೇ ಪಾರಿಸ ಪುಸ್ತಕ ಹಿಡಿದು ಓದಿ ತೋರಿಸುವುದು. ಹುಡುಗ ಒಂದು ತಪ್ಪಿಲ್ಲದೆ ಓದುತ್ತಿದ್ದ. ತಾಯಿ ಹಿಗ್ಗಿಹೋದಳು. ಕೊನೆಯ ಅಧ್ಯಾಯವನ್ನು ಮಾತ್ರ ಅವಳು ಓದಿ ಹೇಳಲಿಲ್ಲ. "ಇದನ್ನ ನೀನ ಓದ್ಕೋ. ಮುಗಿಸಿದಿ ಅಂದ್ರ ಶನಿವಾರ ಸಿನಿಮಾ" ಎಂದಳು. ಅವನು ಬಂದು "ಮುಗೀತು ಆಯಿ" ಎಂದ. ಅವಳು ನಂಬಿದಳು.

ಅಷ್ಟರಲ್ಲಿ ಅವಳ ಅತ್ತೆ ಎಲ್ಲದಕ್ಕೂ ಕಲ್ಲು ಹಾಕಿದಳು. ಬಸದಿಗೆ ಚಾತುರ್ಮಾಸಕ್ಕೆ ಮುನಿ ಮಹಾರಾಜರು ಬಂದಿದ್ದರು. ಏನಾದರೊಂದು ಬಿಡುವ ನೇಮ ಹಿಡಿಯಿರಿ ಎಂದು ಅವರು ಹೇಳಿದಾಗ ಒಬ್ಬರು ಬೆಲ್ಲ ಬಿಟ್ಟರು, ಒಬ್ಬರು ತುಪ್ಪ ಬಿಟ್ಟರು. ಈ ಮುದುಕಿ ಮಾತ್ರ, ದೀಪಾವಳಿವರೆಗೂ ನಮ್ಮ ಮನೆಯಲ್ಲಿ ಯಾರೂ ಸಿನಿಮಾ ನೋಡುವುದಿಲ್ಲ ಎಂದು ಇಡೀ ಮನೆಯ ಪರವಾಗಿ ಕೈಮುಗಿದು ಬಂದಳು. ತನ್ನ ಬಾಯಿಯ ಬೆಲ್ಲ ಬಿಡಲು ಆಗಲಿಲ್ಲ, ಮೊಮ್ಮಗನ ಸಿನಿಮಾ ಬಿಡಲು ಎಷ್ಟು ಸಲೀಸು! ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

"ನನ್ನ ಕೇಳದ ನನ್ನ ಹುಡಗನ ನೇಮ ನೀವ್ಯಾಕ ಹಿಡದ್ರಿ, ಅತ್ತ್ಯಾರ?" ಎಂದಳು ತಾರಾಬಾಯಿ.

"ಪುಣ್ಯೆ ಎಲ್ಲಾರಿಗೂ ಬರತೈತಲ್ಲ ಬೇ" ಎಂದಳು ಅತ್ತೆ.

ಜಯಪಾಲ "ನೇಮ ಅಂದ್ರ ನೇಮ" ಎಂದು ಕೈ ತೊಳೆದುಕೊಂಡ. ಅವನಿಗೇನು, ಕ್ರಿಕೆಟ್ ನೋಡಲು ಗೆಳೆಯನ ಮನೆಯ ಟಿವಿ ಇತ್ತು.

ತಾರಾಬಾಯಿ ಬಿಡುವವಳೇ? ಆ ಶನಿವಾರ ಊಟ ಮುಗಿದದ್ದೇ ಪಡಸಾಲೆಯಲ್ಲಿ ಗಂಡನ ಧೋತರವನ್ನೇ ಪರದೆ ಕಟ್ಟಿ, ಬಲ್ಬು ಆರಿಸಿ, ಹಿಂದೆ ಕಂದೀಲು ಇಟ್ಟಳು. ರಟ್ಟಿನಲ್ಲಿ ಕತ್ತರಿಸಿದ ಹುಡುಗಿ ಮತ್ತು ಆಡನ್ನು ಅವಳು ಆಡಿಸುವುದು, ಪಾರಿಸ ಕಂದೀಲಿನ ಪಕ್ಕ ಕೂತು ಕಥೆ ಓದುವುದು. ಓಣಿಯ ಹುಡುಗರೆಲ್ಲ ಬಂದು ತುಂಬಿಕೊಂಡರು. ನಾನೂ ಹೋದೆ. ಅತ್ತೆ ಮೂಲೆಯಲ್ಲಿ ಜಪಮಾಲೆ ಹಿಡಿದು ಕೂತಿದ್ದಳು. ಪರದೆಯ ಮೇಲೆ ಆಡು ನಡೆದದ್ದೇ ತಡ, ಮಾಲೆ ನಿಂತಿತು. ಕತ್ತು ಚಾಚಿ ನೋಡಿದ್ದೇ ನೋಡಿದ್ದು. ಕಥೆ ಅರ್ಧ ದಾರಿ ಮುಟ್ಟಿದಾಗ ಒಮ್ಮೆಲೇ ಎಚ್ಚರವಾಯಿತು.

"ಅಯ್ಯ, ಇದೂ ಸಿನಿಮಾನ ಆತಲ್ಲ! ನನ್ನ ನೇಮ ಮುರದ್ಯಲ್ಲ ತಾರಾ!" ಎಂದವಳೇ ಧೋತರ ಜಗ್ಗಿ ಕೆಡವಿ, ಕಂದೀಲಿನ ಬತ್ತಿ ಇಳಿಸಿ ಆರಿಸಿಬಿಟ್ಟಳು. ಮನೆಯೆಲ್ಲ ಕತ್ತಲು.

ಆ ಕತ್ತಲಲ್ಲಿ ಪಾರಿಸನ ಓದು ನಿಲ್ಲಲಿಲ್ಲ. ಒಂದಿಷ್ಟೂ ತಡವರಿಸದೆ ಮುಂದಿನ ಸಾಲು, ಅದರ ಮುಂದಿನ ಸಾಲು. ಓಣಿಯ ಹುಡುಗರು ಸಿಳ್ಳೆ ಹೊಡೆದರು. ನನಗೂ ಮೊದಲು ಹೊಳೆಯಲಿಲ್ಲ. ಬಸದಿಯ ಪಾಠಶಾಲೆಯಲ್ಲಿ ಮಕ್ಕಳಿಗೆ ಸ್ತೋತ್ರಗಳನ್ನು ಹೇಳಿ ಹೇಳಿಯೇ ಬಾಯಿಪಾಠ ಮಾಡಿಸುತ್ತಾರೆ. ಪುಸ್ತಕ ಕೈಯಲ್ಲಿರುತ್ತದೆ, ನೋಡುವವರು ಯಾರು? ಆಡಿನ ಕಥೆಯನ್ನೂ ಹುಡುಗ ಹಾಗೆಯೇ ಕಲಿತಿದ್ದ. ತಾಯಿಯ ಬಾಯಿಂದ ಕೇಳಿದ್ದಷ್ಟನ್ನೂ ಒಪ್ಪಿಸಿ, ಹುಡುಗಿ ತುಂಬಿದ ಹೊಳೆಯ ದಂಡೆಗೆ ಬಂದಲ್ಲಿ ನಿಲ್ಲಿಸಿದ.

"ಮುಂದ?" ಎಂದಳು ಅಜ್ಜಿ.

"ಮುಂದ ನನಗೂ ಗೊತ್ತಿಲ್ಲ ಆಜಿ. ಸಿನಿಮಾ ನೋಡಿದ್ರ ತಿಳೀತಿತ್ತು."

ತಾರಾಬಾಯಿ ಎದ್ದು ಬಲ್ಬು ಹಾಕಿದಳು. ಅವಳ ಮುಖ ನೋಡಲು ನನ್ನಿಂದಾಗಲಿಲ್ಲ.

"ನೀನರ ಓದಿ ಹೇಳವಾ. ಆಕಿಗೆ ಆಡ ಸಿಕ್ಕತೋ ಇಲ್ಲೋ?" ಎಂದಳು ಅತ್ತೆ.

"ನಾ ಓದೂದಿಲ್ರಿ. ಅಂವನ ಓದ್ಲಿ. ಎಷ್ಟ ಹೊತ್ತರ ಆಗ್ಲಿ."

ಕೊನೆಯ ಅಧ್ಯಾಯದ ಮೊದಲ ಅಕ್ಷರದ ಮೇಲೆ ಅವನ ಬೆರಳಿಟ್ಟಳು. ಹುಡುಗ ತಿಣುಕಿದ. ಒಂದು ಪದ ಹೊರಗೆ ಬರುವಷ್ಟರಲ್ಲಿ ಓಣಿಯ ಹುಡುಗರು ಆಕಳಿಸುತ್ತ ಎದ್ದು ಹೋದರು. ಜಯಪಾಲ ಗೆಳೆಯನ ಮನೆಗೆ ನಡೆದ. ನಾನೂ ಸಿಟ್ಟಿನಲ್ಲೇ ಎದ್ದೆ, ಯಾರ ಮೇಲಿನ ಸಿಟ್ಟೆಂದು ನನಗೇ ತಿಳಿಯಲಿಲ್ಲ. ಹೊಸ್ತಿಲಲ್ಲಿ ತಿರುಗಿ ನೋಡಿದರೆ, ಒಂದಕ್ಷರ ಬಾರದ ಆ ಮುದುಕಿ ಮೊಮ್ಮಗನ ಪಕ್ಕಕ್ಕೆ ಸರಿದು ಕೂತಿದ್ದಳು. ಅವನು ಕೂಡಿಸಿ ಕೂಡಿಸಿ ಹೇಳಿದ್ದನ್ನು ತಾನೂ ಅನ್ನುತ್ತ, "ಹೂಂ, ಮುಂದ" ಎಂದು ಕೇಳುತ್ತಿದ್ದಳು. ತಾರಾಬಾಯಿ ಗೋಡೆಗೆ ಮುಖ ಮಾಡಿ ಅಳುತ್ತಿದ್ದಳು.