ಪೀಪಾಯಿ ಮೇಸ್ತ್ರಿ ಕೂತರೆ ತೆಪ್ಪಗಾಗುತ್ತಿದ್ದ ಲಾರಿ

ಲಾರಿ ರಿಪೇರಿಯ ಪೀಪಾಯಿ ಮೇಸ್ತ್ರಿ ತೀರಿಕೊಂಡ ದಿನ ಹೆಣ ಹೊರಲು ಗೆಳೆಯರು ಹೆಗಲು ಕೊಟ್ಟರು. ಅರ್ಧ ದಾರಿಗೆ ಇನ್ನಿಬ್ಬರನ್ನು ಕೂಗಬೇಕಾಯಿತು. "ಓವರ್‌ಲೋಡ್ ಕಣ್ರೋ!" ಅಂದು ನಗಿಸುವವನು ಅವನೊಬ್ಬನೇ. ಅವನು ಮಾತಾಡಲಿಲ್ಲ, ಯಾರೂ ನಗಲಿಲ್ಲ.

ತನ್ನ ಮೈಯನ್ನು ಅವನಷ್ಟು ಗೇಲಿ ಮಾಡಿದವರಿಲ್ಲ. ಈ ಲಾರಿಯ ಕಥೆಯನ್ನಂತೂ ಕೇಳಿದವರಿಗೂ ಹೇಳುತ್ತಿದ್ದ, ಕೇಳದವರಿಗೂ ಹೇಳುತ್ತಿದ್ದ.

ಅದು ಗೇರು ತಾನೇ ಬದಲಿಸಿಕೊಳ್ಳುವ ಭಾರಿ ಲಾರಿ. ಏರು ಕಂಡರೆ ಮಾತ್ರ ಅದಕ್ಕೆ ಬುದ್ಧಿ ಕೆಡುತ್ತಿತ್ತು. ಮೂರಕ್ಕೆ ಹೋಗುವುದು, ಎರಡಕ್ಕೆ ಬೀಳುವುದು, ಮೊಂಡು ಕತ್ತೆಯ ಹಾಗೆ ಝಾಡಿಸಿ ಒದೆಯುವುದು. ಅದನ್ನು ಮೇಸ್ತ್ರಿಯ ಶೆಡ್ಡಿಗೆ ತಂದ ಮಾಲೀಕ ಕಡ್ಡಿಯಂಥ ಮನುಷ್ಯ, ಮಾತು ಮಾತ್ರ ಹಾರೆಯಂಥದ್ದು.

"ಲಾರಿ ಸರಿಯಾಗಿದೆ. ದೋಷ ಡ್ರೈವರ್ ಕಾಲಲ್ಲಿದೆ. ಸಂಜೆಯೊಳಗೆ ನೀನು ಬೇರೇನಾದ್ರೂ ತೋರಿಸದಿದ್ರೆ ಇವನು ಕೀ ಕೊಟ್ಟು ಮನೆಗೆ ಹೋಗ್ಲಿ," ಅಂದ.

ತಲೆ ನರೆಯುವ ತನಕ ಅದೇ ಮಾಲೀಕನಲ್ಲಿ ದುಡಿದ ಡ್ರೈವರ್ ಪಕ್ಕದಲ್ಲೇ ನಿಂತಿದ್ದ, ಮುಖ ಬಾಡಿಸಿಕೊಂಡು.

ಮೇಸ್ತ್ರಿ ಗೇರ್‌ಬಾಕ್ಸಿನ ಎಣ್ಣೆ ಅದ್ದಿ ನೋಡಿದ, ಮೂಸಿದ. ಚೊಕ್ಕಟವಾಗಿತ್ತು. ತಪಾಸಣೆ ಯಂತ್ರ ಸಿಕ್ಕಿಸಿದ. ಗೇರಿನ ಕಂಪ್ಯೂಟರಿಗೆ ಆಗಾಗ ಕರೆಂಟು ಸಾಲುತ್ತಿಲ್ಲ ಎಂದು ತೋರಿಸಿತು. ಬ್ಯಾಟರಿ ನೋಡಿದರೆ ಗಟ್ಟಿಮುಟ್ಟು. ಕೊನೆಗೆ ತಾನೇ ಡ್ರೈವರ್ ಪಕ್ಕದ ಸೀಟಿಗೆ ಹತ್ತಿ ಕೂತು ಏರು ಹತ್ತಿಸಿದ. ಲಾರಿ ಬೆಣ್ಣೆಯಲ್ಲಿ ಕೂದಲೆಳೆದ ಹಾಗೆ ಸಾಗಿತು. ಮತ್ತೆ ಹತ್ತಿಸಿದ. ಮತ್ತೂ ಬೆಣ್ಣೆ.

"ಅಣ್ಣಾ, ನನ್ನಾಣೆ, ಬೆಳಿಗ್ಗೆ ಒದೀತು!"

"ಒಬ್ಬನೇ ಹೋಗಿ ಬಾ, ನೋಡೋಣ."

ಒಬ್ಬನೇ ಹೋದ. ಲಾರಿ ಒದೆಯಿತು.

"ನೋಡಿದ್ಯಾ? ಪಕ್ಕದಲ್ಲಿ ಯಾರೂ ಇಲ್ಲದಿದ್ರೆ ಇವನಾಟ ಶುರು!" ಮಾಲೀಕ ತೊಡೆ ತಟ್ಟಿದ.

ಮೇಸ್ತ್ರಿಗೂ ಅನುಮಾನ ಬಂತು. ಡ್ರೈವರ್ ಮುಖ ನೋಡಲಾಗದೆ ಸ್ಪ್ಯಾನರ್ ಒರೆಸುತ್ತ ನಿಂತ.

ಅಷ್ಟರಲ್ಲಿ ಮೇಸ್ತ್ರಿಯ ಹೆಂಡತಿ ಊಟದ ಡಬ್ಬಿ ತಂದಳು. ಗಾಳಿಗೆ ಹಾರುವಂಥ ಜೀವ. ವಿಷಯ ಕೇಳಿ, "ರೀ, ನಾನು ಕೂತು ನೋಡ್ತೀನಿ. ನೀವು ಕೂತ್ರೆ ಭೂಮಿನೇ ಬಾಯಿ ಮುಚ್ಚತ್ತೆ, ಲಾರಿ ಯಾವ ಲೆಕ್ಕ?" ಅಂದು ಹತ್ತಿಯೇಬಿಟ್ಟಳು.

ಅರ್ಧ ಏರಿನಲ್ಲಿ ಅವಳ ಕಿರುಚಾಟ ಕೆಳಗಿನ ತನಕ ಕೇಳಿಸಿತು. ಇಳಿದವಳೇ ಮಾಲೀಕನ ಮುಂದೆ ನಿಂತಳು. "ಈ ಡ್ರೈವರಣ್ಣನ ಕಾಲನ್ನೇ ನೋಡ್ತಾ ಕೂತಿದ್ದೆ. ಕಾಲು ಕದಲಲಿಲ್ಲ. ಲಾರಿ ಒದೀತು, ನನ್ನ ಹಲ್ಲು ಅಲ್ಲಾಡ್ತು!"

ಮೇಸ್ತ್ರಿ ಹೆಂಡತಿಯನ್ನು ನೋಡಿದ. ತನ್ನ ಹೊಟ್ಟೆಯನ್ನು ನೋಡಿಕೊಂಡ. ಆಮೇಲೆ ಆ ಸೀಟನ್ನು ನೋಡಿದ.

ಸೀಟು ಕಿತ್ತು, ಅಡಿಯ ತಗಡು ಎತ್ತಿದ. ಗೇರಿನ ಕಂಪ್ಯೂಟರಿನಿಂದ ಕರೆಂಟು ವಾಪಸು ಹರಿಯುವ ಅರ್ಥಿಂಗ್ ವೈರು ಅಲ್ಲೇ ಇತ್ತು, ಬೋಲ್ಟು ಸಡಿಲಾಗಿ ತುಕ್ಕು ಹಿಡಿದು. ಅವನು ಕೂತಾಗ ತಗಡು ಬಗ್ಗಿ ವೈರನ್ನು ಒತ್ತಿ ಹಿಡಿಯುತ್ತಿತ್ತು. ಅವನು ಎದ್ದರೆ ಏರಿನ ಅಲುಗಾಟಕ್ಕೆ ವೈರು ಬಿಟ್ಟು ಕರೆಂಟು ತಪ್ಪುತ್ತಿತ್ತು.

"ಹಾಗಾದ್ರೆ ದೋಷ ಯಾರದ್ದು?" ಮಾಲೀಕನ ದನಿ ಇಳಿದಿತ್ತು.

"ಬೋಲ್ಟಿಂದು ಸಾವ್ಕಾರ್ರೇ. ಮುಚ್ಚಿಟ್ಟಿದ್ದು ನನ್ನ ಕುಂಡೆ."

ತುಕ್ಕು ಉಜ್ಜಿ, ಹೊಸ ಬೋಲ್ಟು ಬಿಗಿದ. ಡ್ರೈವರ್ "ಹತ್ತು ಅಣ್ಣಾ" ಅಂದ.

"ನಾನು ಕೂತ್ರೆ ಸಾಕ್ಷಿ ನಿಲ್ಲಲ್ಲಪ್ಪಾ. ಸಾವ್ಕಾರ್ರು ಕೂರ್ಲಿ. ಅವರ ತೂಕಕ್ಕೆ ನೊಣನೂ ಸಾಯಲ್ಲ."

ಲಾರಿ ಏರು ಹಿಡಿಯಿತು. ಮೇಸ್ತ್ರಿ ರಸ್ತೆ ಬದಿಯಲ್ಲಿ ಕಣ್ಣು ಮುಚ್ಚಿ ಕಿವಿಗೊಟ್ಟ. ಎರಡು. ಮೂರು. ನಾಲ್ಕು. ಎಲ್ಲೂ ಎಡವಲಿಲ್ಲ.

ವಾಪಸು ಬಂದ ಮಾಲೀಕ ಡ್ರೈವರ್ ಮುಖ ತಪ್ಪಿಸಿ, ಚಕ್ರದ ಕಡೆ ನೋಡುತ್ತ, "ನಾಳೆ ಲೋಡಿದೆ. ಬೇಗ ಬಾ," ಅಂದ.

ಡ್ರೈವರ್ ಸ್ಟೀರಿಂಗ್ ಬಿಡದೆ ಮೂಗು ಒರೆಸಿಕೊಂಡ.

"ಬರ್ತೀನಿ ಸಾವ್ಕಾರ್ರೇ. ಕಾಲೂ ತರ್ತೀನಿ."