ಬೋಣಿಯ ಪಾವ್ ಮತ್ತು ಮುದಿ ನಾಯಿಯ ಮಂಡಿ

ಇನ್ನೂರೈವತ್ತು ರೂಪಾಯಿ ಕೊಟ್ಟೆ. ಹಾಸಿಗೆ ಮಾರಿದವನು ಹೇಳಿದ್ದು ಐನೂರು. ಮೇ ಕೊನೆಗೆ ಕಡಲ ದಂಡೆಯ ಶ್ಯಾಕುಗಳನ್ನು, ಆ ಚಪ್ಪರದ ಹೋಟೆಲುಗಳನ್ನು, ಬಿಚ್ಚುವಾಗ, ಪ್ರವಾಸಿಗರು ಬಿಸಿಲಿಗೆ ಒರಗುವ ಮಂಚಗಳ ಹಾಸಿಗೆಗಳು ಮೂಲೆ ಸೇರುತ್ತವೆ. ಒಂದರ ಹೊಲಿಗೆ ಬಿಚ್ಚಿತ್ತು. ಅದನ್ನೇ ಎತ್ತಿ ಹಿಡಿದು ಅರ್ಧಕ್ಕೆ ಇಳಿಸಿದೆ. ನನಗೆ ಹೊಲಿಯಲು ಬರುತ್ತದೆಂದು ಅವನಿಗೇನು ಗೊತ್ತು? ಹಾಸಿಗೆ ನಮ್ಮ ನಾಯಿಗೆ.

ನಾಯಿಗೀಗ ಹನ್ನೆರಡು ವರ್ಷ. ನಾನು ಕೋಲ್ವಾ ದಂಡೆಯಲ್ಲಿ ಬಟ್ಟೆ, ಮಣಿಸರ ಮಾರುತ್ತೇನೆ. ಗಂಡ ವೆರ್ಣಾದ ಕಾರ್ಖಾನೆಯಲ್ಲಿದ್ದಾನೆ. ಬೆಳಗಿನ ಪಾಳಿಗೆ ಹೊರಟಾಗ ಅವನನ್ನು ಕಂಪನಿ ಬಸ್ಸಿಗೆ ಮುಟ್ಟಿಸಿ ಬರುವುದು ನಾಯಿಯ ಕೆಲಸ. ಈ ವರ್ಷ ಏಪ್ರಿಲ್‌ನಲ್ಲಿ ಅದು ಹಿಂಗಾಲು ಎಳೆಯತೊಡಗಿತು. ಒಂದು ಬೆಳಿಗ್ಗೆ ಮೆಟ್ಟಿಲು ಇಳಿಯಲಾರದೆ ಅಲ್ಲೇ ಕೂತು ಕುಂಯ್‌ಗುಟ್ಟಿತು. ಗಂಡ ಅರ್ಧ ದಾರಿಯಿಂದ ತಿರುಗಿ ಬಂದ, ಬಸ್ಸು ತಪ್ಪಿತು.

"ನೀ ಭಾಳ ಶಾಣ್ಯಾಕಿ ಅಲ್ಲೇನು? ಇದನ್ನ ಮತ್ತ ಬಸ್ಸಿನ ಮಟ ನಡಸು, ನೋಡೂಣು" ಎಂದ.

ಶಾಣ್ಯಾಕಿ ಮಾಡಿದ್ದನ್ನು ಕೇಳಿ. ದಿನವಿಡೀ ಗಂಟು ಹೊತ್ತು ಮರಳಲ್ಲಿ ತಿರುಗುವ ನಾವು ಮಂಡಿಗೆ ಕರ್ಪೂರದ ಎಣ್ಣೆ ತಿಕ್ಕಿಕೊಳ್ಳುತ್ತೇವೆ. ಅದನ್ನೇ ನಾಯಿಗೂ ತಿಕ್ಕಿದೆ. ಅದು ಪೂರ್ತಿ ನೆಕ್ಕಿಬಿಟ್ಟಿತು. ಸ್ವಲ್ಪ ಹೊತ್ತಿಗೆ ಜೊಲ್ಲು, ವಾಂತಿ, ನಡುಕ. ರಿಕ್ಷಾದಲ್ಲಿ ಹಾಕಿಕೊಂಡು ಪಶುವೈದ್ಯೆಯ ಬಳಿ ಓಡಿದೆ.

ಅವರು ಹಿಂದಿಯಲ್ಲಿ ಚೆನ್ನಾಗಿ ಬೈದರು. ಕರ್ಪೂರ ನಾಯಿಗೆ ವಿಷವಂತೆ. ನಾವು ನುಂಗುವ ನೋವಿನ ಗುಳಿಗೆಯೂ ಅದಕ್ಕೆ ಕೂಡದಂತೆ. ನಾಯಿ ಚೇತರಿಸಿಕೊಂಡ ಮೇಲೆ ಕಾಲು ಮಡಚಿ, ಒತ್ತಿ ನೋಡಿದರು. ವಯಸ್ಸಿನ ಕೀಲುನೋವು, ಪೂರ್ತಿ ಹೋಗುವುದಲ್ಲ, ಆದರೆ ಹಗುರಾಗುತ್ತದೆ, ಮೊದಲು ತೂಕ ಇಳಿಸಿ ಎಂದರು.

ತೂಕ ಎಲ್ಲಿಂದ ಬಂತೆಂದು ನನಗೆ ಗೊತ್ತಿತ್ತು. ಬೋಣಿ ಆದ ಕೂಡಲೇ, ನನ್ನ ಜೊತೆ ದಂಡೆಗೆ ಬರುವ ನಾಯಿಗೊಂದು ಪಾವ್ ಬ್ರೆಡ್ಡು ಹಾಕುವುದು ಅಲ್ಲಿ ಮಾರುವ ನಮ್ಮ ಗುಂಪಿನ ರೂಢಿ. ಎಂಟು ಜನರ ಬೋಣಿ, ಎಂಟು ಪಾವ್. ಮರುದಿನವೇ ಬೇಡವೆಂದೆ. ಪಕ್ಕದಲ್ಲಿ ಚೀಲ ಮಾರುವವಳು ಸಿಟ್ಟಾದಳು.

"ಬೋಣಿ ಪಾವ್ ನಿಲ್ಲಿಸಿದ್ರ ವ್ಯಾಪಾರ ನಿಲ್ತೈತಿ ಅಕ್ಕಾ!"

"ನಿಲ್ಲಿಸು ಅಂತ ಯಾರ ಅಂದ್ರು? ಪಾವ್ ಬದಲಿ ಸೌತಿಕಾಯಿ ಹೋಳು ಹಾಕು."

"ಸೌತಿಕಾಯಿ ತಿನ್ನೂ ನಾಯಿ ನಾ ಎಲ್ಲೂ ಕಂಡಿಲ್ಲವಾ."

"ಹಂಗಾದ್ರ ಇವತ್ತ ಕಾಣು."

ನಾಯಿ ಮೂಸಿತು, ನನ್ನ ಮುಖ ನೋಡಿತು, ಕರುಂ ಕುರುಂ ಎಂದು ತಿಂದಿತು. ಅವಳ ಎರಡು ಚೀಲ ಅವತ್ತೇ ಮಾರಿಹೋದವು. ಮುಂದೆ ಯಾರೂ ತಕರಾರು ತೆಗೆಯಲಿಲ್ಲ.

ಮಧ್ಯಾಹ್ನದ ಬೆಚ್ಚನೆ ಮರಳನ್ನು ಹಳೆಯ ದಿಂಬಿನ ಚೀಲಕ್ಕೆ ತುಂಬಿ, ನನ್ನ ಮಣಿಕಟ್ಟಿಗೆ ಇಟ್ಟು ಬಿಸಿ ನೋಡಿ, ಹತ್ತು ನಿಮಿಷ ಅದರ ಮಂಡಿಗೆ ಇಡುತ್ತಿದ್ದೆ. ಟೈಲ್ಸ್ ಮೇಲೆ ಕಾಲು ಜಾರದಂತೆ ಗೋಣಿತಟ್ಟು ಹಾಸಿದೆ. ಅದರ ಮೇಲೆ ಈ ಹಾಸಿಗೆ.

ಮಳೆ ಮುಗಿಯುವ ಹೊತ್ತಿಗೆ ನಾಯಿ ತಾನೇ ಮೆಟ್ಟಿಲು ಇಳಿಯಿತು. ನಡೆದದ್ದು ಬಸ್ಸಿನ ತನಕ ಅಲ್ಲ, ತಿರುವಿನ ಅಂಗಡಿಯ ತನಕ. ನಾನು ಗೆದ್ದೆನೆಂದೆ, ಗಂಡ ಅರ್ಧ ಗೆದ್ದಿ ಎಂದ. ಆದರೂ ಅದರ ನಿಧಾನದ ನಡಿಗೆಗಾಗಿ ಈಗ ಹತ್ತು ನಿಮಿಷ ಮೊದಲೇ ಹೊರಡುತ್ತಾನೆ.

ನಿಮ್ಮ ಮನೆಯಲ್ಲೂ ಮುದಿ ನಾಯಿ ಇದ್ದರೆ ಮೊದಲು ವೈದ್ಯರಿಗೆ ತೋರಿಸಿ. ಅಲ್ಲಿ ಚೌಕಾಸಿ ಬೇಡ. ನಿಮ್ಮ ಎಣ್ಣೆ, ಗುಳಿಗೆ ನಿಮಗೇ ಇರಲಿ. ಕೀಲು ಊದಿ ಬಿಸಿಯಾಗಿದ್ದರೆ ಶಾಖ ಕೊಡಬೇಡಿ. ಒಮ್ಮೆಲೇ ದೂರ ನಡೆಸದೆ, ದಿನಕ್ಕೆರಡು ಸಲ ಸ್ವಲ್ಪ ಸ್ವಲ್ಪ ನಡೆಸಿ. ಹಾಸಿಗೆಯನ್ನು ಮಾತ್ರ ಕೇಳಿದ ಬೆಲೆಗೆ ಕೊಳ್ಳಬೇಡಿ. ಅಂಗಡಿಯಲ್ಲೇ ಅದರ ಮೇಲೆ ಮೊಣಕಾಲೂರಿ ನೋಡಿ: ನೆಲ ತಾಗಿದರೆ ಪುಕ್ಕಟೆ ಕೊಟ್ಟರೂ ತರಬೇಡಿ.