ಏಸಿ ಕೋಣೆಯ ಎಣ್ಣೆ ಬಟ್ಟಲು

ಹೊಸನಗರದಲ್ಲಿ ಮನೆಗೆ ಏಸಿ ಹಾಕಿಸಿದವರನ್ನು ಜನ ಎರಡು ಸಲ ನೋಡುತ್ತಾರೆ. ಮೊದಲು ಏಸಿಯನ್ನು, ಆಮೇಲೆ ಹಾಕಿಸಿದವರ ತಲೆಯನ್ನು. "ಮಲೆನಾಡಲ್ಲಿ ಏಸಿಯಾ? ಎಂತ ಮಾರಾಯ್ತಿ, ಕಂಬಳಿ ಎಲ್ಲ ಮಾರಿಬಿಟ್ರಾ?" ಅಂತ ಪಕ್ಕದ ಮನೆಯವರು ಕೇಳಿದರು. ನಾನು ನಕ್ಕೆ. ನಿಜವಾದ ಕಾರಣ ಗೇಟಿನ ಹತ್ತಿರ ನಿಂತು ಹೇಳುವಂಥದ್ದಾಗಿರಲಿಲ್ಲ.

ಕಾರಣ ಇಷ್ಟೆ. ನನಗೆ ಐವತ್ತಾಗಿತ್ತು, ಮುಟ್ಟು ನಿಲ್ಲುವ ಹೊತ್ತು. ದಿನಕ್ಕೆ ಆರೇಳು ಸಲ ಯಾರೋ ನನ್ನ ಹೊಟ್ಟೆಯೊಳಗೆ ಬಚ್ಚಲ ಒಲೆ ಹೊತ್ತಿಸುತ್ತಿದ್ದರು. ಕುತ್ತಿಗೆ, ಕಿವಿ, ಮುಖ ಎಲ್ಲ ಉರಿದು ಬೆವರು ಇಳಿಯುತ್ತಿತ್ತು. ನಾನು ಹೈಸ್ಕೂಲ್ ಟೀಚರು. ಬೋರ್ಡಿನ ಮೇಲೆ ಬರೆಯುತ್ತಾ ಬರೆಯುತ್ತಾ ಕೆಂಪಗಾಗಿಬಿಟ್ಟರೆ ಮಕ್ಕಳು ಸಿಟ್ಟು ಬಂತು ಅಂದುಕೊಂಡು ಗಪ್‌ಚಿಪ್ ಆಗುತ್ತಿದ್ದರು. ಅದೊಂದೇ ಲಾಭ. ತೀರ್ಥಹಳ್ಳಿಯ ಡಾಕ್ಟರು "ಈ ವಯಸ್ಸಿಗೆ ಇದೆಲ್ಲ ಇದ್ದದ್ದೇ, ಆದಷ್ಟು ತಂಪಾಗಿರಿ" ಅಂದರು. ತಂಪಾಗಿರಿ ಅನ್ನಿಸಿಕೊಳ್ಳಲು ತುಂಬಿದ ಬಸ್ಸಿನಲ್ಲಿ ಬೇಯುತ್ತಾ ಹೋಗಿ ಬೇಯುತ್ತಾ ಬಂದೆ.

ನಮ್ಮನೆಯವರು ಏಸಿಗೆ ಒಂದೇ ಮಾತಿಗೆ ಒಪ್ಪಿದರು. ಅವರು ಒಳ್ಳೆಯವರೇ, ಸುಳ್ಳು ಯಾಕೆ ಹೇಳಲಿ. ಏಪ್ರಿಲ್‌ನಲ್ಲಿ ಮಲಗುವ ಕೋಣೆಯ ಗೋಡೆಗೊಂದು ಬಿಳಿ ಡಬ್ಬ ಬಂತು, ಅದರ ಜೋಡಿ ಡಬ್ಬ ತಾರಸಿಯ ಮೇಲೆ ನೀರಿನ ಟ್ಯಾಂಕಿನ ಪಕ್ಕ ಕೂತಿತು. ಎರಡು ವಾರ ಸ್ವರ್ಗ. ಶಾಲೆಗೆ ರಜೆ, ಮಧ್ಯಾಹ್ನ ಪಾತ್ರೆ ತೊಳೆದು, ಅಡುಗೆಮನೆ ಒರೆಸಿ, ಎರಡೂವರೆಗೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರೆ ನನ್ನ ಒಲೆ ಆರಿ ಹೋಗುತ್ತಿತ್ತು.

ಮೇ ತಿಂಗಳು ಹುಟ್ಟಿತು, ಏಸಿ ಕೆಟ್ಟಿತು.

ಗಾಳಿ ಬರುತ್ತಿತ್ತು, ತಂಪಿರಲಿಲ್ಲ. ಮೊದಲು ರಿಮೋಟನ್ನು ಬೈದೆ. ಸೆಲ್ ಬದಲಾಯಿಸಿದೆ. ಹದಿನಾರಕ್ಕೆ ಇಳಿಸಿದೆ, ಅದಕ್ಕಿಂತ ಕೆಳಗೆ ಅದು ಇಳಿಯಲಿಲ್ಲ. ಮುಚ್ಚಳ ತೆಗೆದು ಒಳಗಿನ ಜಾಲರಿಯನ್ನು ತೊಳೆದು, ನೆರಳಲ್ಲಿ ಒಣಗಿಸಿ, ವಾಪಸ್ ಹಾಕಿದೆ. ಬಾಗಿಲ ಸಂದಿಗೆ ಗೋಣಿಚೀಲ ತುರುಕಿದೆ. ಕಿಟಕಿಗೆ ದಪ್ಪ ಬೆಡ್‌ಶೀಟ್ ಕಟ್ಟಿದೆ. ಇಷ್ಟೆಲ್ಲ ಮಾಡಿ ಮಲಗಿದರೆ ಗಾಳಿಯಾಡದ ಕತ್ತಲೆ ಕೋಣೆಯಲ್ಲಿ ಹಣ್ಣಾಗಲು ಇಟ್ಟ ಬಾಳೆಗೊನೆಯ ಹಾಗೆ ನಾನೇ ಬೆಂದೆ.

ಇದನ್ನು ಹೇಳಿದರೆ ನಮ್ಮನೆಯವರು ಕಣ್ಣರಳಿಸಿದರು. "ಸರಿಯಾಗೇ ಇದೆಯಲ್ಲೇ. ಇವತ್ತು ಚಳಿಯಾಗಿ ಹೊದ್ಕೊಂಡೆ ನಾನು."

ಅವರದ್ದು ಸೊಸೈಟಿ ಆಫೀಸಿನ ಕೆಲಸ. ಒಂದು ಗಂಟೆಗೆ ಊಟಕ್ಕೆ ಬಂದು, ಅರ್ಧ ಗಂಟೆ ಏಸಿಯಲ್ಲಿ ಗೊರಕೆ ಹೊಡೆದು, ಎರಡಕ್ಕೆ ಮುಖ ತೊಳೆದು ಹೋಗುತ್ತಿದ್ದರು. ಅವರು ಎದ್ದು ಹೋದ ಅರ್ಧ ಗಂಟೆಗೆ ನಾನು ಹೋದರೆ ಮೊದಲೊಂದಿಷ್ಟು ಹೊತ್ತು ತಣ್ಣಗೆ, ಆಮೇಲೆ ಬರೀ ಫ್ಯಾನು. ಆ ಯಂತ್ರಕ್ಕೆ ಗಂಡಸರು ಹೆಂಗಸರು ಅಂತ ಭೇದ ಇದೆಯೋ ಅಂತ ನನಗೆ ನಿಜವಾಗಿಯೂ ಅನುಮಾನ ಬಂತು.

ಸಾಗರದಿಂದ ಮೆಕ್ಯಾನಿಕ್ಕನ್ನು ಕರೆಸಿದೆವು. ಜೋಗದ ಲಾಡ್ಜುಗಳ ಏಸಿ ಎಲ್ಲ ತನ್ನ ಕೈಯಲ್ಲೇ ರಿಪೇರಿ ಆಗೋದು ಅಂತ ಹೇಳಿಕೊಂಡೇ ಬೆಳಿಗ್ಗೆ ಹತ್ತಕ್ಕೆ ಬಂದ. ತಾರಸಿಗೆ ಹೋಗಿ ಮೀಟರ್ ಹಿಡಿದು ನೋಡಿದ, ಕೆಳಗೆ ಬಂದು ಅಂಗೈ ಹಿಡಿದು ನೋಡಿದ. ಏಸಿ ಐಸಿನಂಥ ಗಾಳಿ ಬಿಟ್ಟಿತು.

"ಗ್ಯಾಸ್ ಫುಲ್ ಇದೆ ಅಕ್ಕ, ಎಂತದೂ ಆಗಿಲ್ಲ. ನಿಮಗೆ ಬಿಪಿ ಗಿಪಿ ಇದೆಯಾ?"

ಮುರುಗಲು ಹಣ್ಣಿನ ಪಾನಕ ಕುಡಿದು ಹೋದ. ಅವನಿಗೆ ಸಕ್ಕರೆ ಕಮ್ಮಿ ಹಾಕಬೇಕಿತ್ತು ಅಂತ ಆಮೇಲೆ ಅನ್ನಿಸಿತು.

ಅವತ್ತಿನಿಂದ ಮನೆಯಲ್ಲಿ ತೀರ್ಮಾನವಾಗಿಹೋಯಿತು: ಏಸಿ ಸರಿ ಇದೆ, ನಾನು ಸರಿ ಇಲ್ಲ. ಬೇಜಾರಿನ ವಿಷಯ ಅಂದರೆ ನನಗೂ ಹಾಗೇ ಅನ್ನಿಸತೊಡಗಿತ್ತು. ಮೈಯ ಉರಿ ತಡೆದುಕೊಂಡೇನು. ನಾನು ಹೇಳಿದ್ದನ್ನು ಮನೆಯವರು ನಂಬದೆ ಇರೋದು, ಆಮೇಲೆ ನಾನೇ ನನ್ನನ್ನು ನಂಬದೆ ಇರೋದು ಇದೆಯಲ್ಲ, ಅದು ತಡೆಯಲಾಗದ ಸಂಕಟ. ಒಂದು ದಿನ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ.

ಅತ್ತೆಯವರು ಮಾತ್ರ ನನ್ನನ್ನು ವಿಚಾರಿಸುತ್ತಿದ್ದರು. ಎಪ್ಪತ್ತೆಂಟರ ಗಟ್ಟಿ ಜೀವ. ದಿನಾ ಸಂಜೆ ಚಹಾ ಕೊಡುವಾಗ ಕೇಳುವರು: "ಇವತ್ತು ಏಸಿ ಬೇಗ ಆಫ್ ಮಾಡಿದ್ಯಾ? ಮಾಡಬೇಡ ಮಾರಾಯ್ತಿ. ಐದು ಗಂಟೆವರೆಗೂ ಓಡ್ಲಿ. ಮಲಗು, ಸುಸ್ತಾಗಿರ್ತದೆ." ಎಷ್ಟು ಒಳ್ಳೆಯ ಅತ್ತೆ ಅಂತ ನನಗೆ ಕಣ್ಣು ತುಂಬಿ ಬರುತ್ತಿತ್ತು.

ಕೊನೆಗೆ ನನಗೊಂದು ಉಪಾಯ ಹೊಳೆಯಿತು. ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆ ತಣ್ಣಗಾದರೆ ಗಟ್ಟಿಯಾಗುತ್ತದೆ, ಸೆಕೆಯಾದರೆ ಕರಗುತ್ತದೆ. ಎಣ್ಣೆಗೆ ಮುಟ್ಟೂ ಇಲ್ಲ, ಬಿಪಿಯೂ ಇಲ್ಲ. ಒಂದು ಸ್ಟೀಲಿನ ಬಟ್ಟಲಿಗೆ ಎರಡು ಚಮಚ ಎಣ್ಣೆ ಹಾಕಿ ಹನ್ನೆರಡು ಗಂಟೆಗೇ ಏಸಿ ಚಾಲೂ ಮಾಡಿ, ಮಂಚದ ಪಕ್ಕದ ಸ್ಟೂಲಿನ ಮೇಲಿಟ್ಟೆ. ನಮ್ಮನೆಯವರು ಮಲಗಿ ಏಳುವ ಹೊತ್ತಿಗೆ ಎಣ್ಣೆ ಬೆಳ್ಳಗೆ ಹೆಪ್ಪಾಗಿತ್ತು. ನಾಲ್ಕು ಗಂಟೆಗೆ ನೀರಾಗಿತ್ತು. ಮೂರು ದಿನ ನೋಡಿದೆ, ಮೂರು ದಿನವೂ ಹಾಗೇ. ನಾನು ಸರಿ ಇದ್ದೆ! ನಾಲ್ಕನೇ ದಿನ ಶನಿವಾರ, ಅವರು ಬೇಗ ಬಂದರು. ಕರಗಿದ ಎಣ್ಣೆಯ ಬಟ್ಟಲನ್ನು ಅವರ ಮೂಗಿನ ಕೆಳಗೆ ಹಿಡಿದೆ.

ಅವರು ಬಟ್ಟಲು ನೋಡಿದರು, ನನ್ನ ಕೆಂಪು ಮುಖ ನೋಡಿದರು, ನಕ್ಕರು. "ಅದರ ಪಕ್ಕ ನೀನೇ ಮಲಗಿದ್ರೆ ಕರಗದೇ ಇರ್ತದನೇ?"

ತಮಾಷೆಗೇ ಹೇಳಿದ್ದು. ಆದರೂ ನನಗೆ ಮೈಯೆಲ್ಲ ಉರಿದುಹೋಯಿತು, ಈ ಸಲ ಬರೀ ಸಿಟ್ಟಿಗೆ. ಬಟ್ಟಲು ಹಿಡಿದುಕೊಂಡೇ ತಾರಸಿಯ ಮೆಟ್ಟಿಲು ಹತ್ತಿದೆ. ಆ ಇನ್ನೊಂದು ಡಬ್ಬಕ್ಕೆ ಎರಡು ಒದೆಯೋಣ ಅಂತ.

ಇಲ್ಲೊಂದು ಮಾತು ಹೇಳಬೇಕು. ನಮ್ಮನೆಯಲ್ಲಿ ಹಲಸಿನ ಹಪ್ಪಳದ ಕಾಲದಲ್ಲಿ ತಾರಸಿ ಅತ್ತೆಯದ್ದು. ಹಿಂದೊಂದು ವರ್ಷ ಅವರ ಮಗ ಫೋನಿನಲ್ಲಿ ಮಾತಾಡುತ್ತಾ ಒಂದು ಸಾಲು ಹಸಿ ಹಪ್ಪಳದ ಮೇಲೆ ನಡೆದು ಹೋಗಿದ್ದರು. ಅವತ್ತಿನಿಂದ ಮೇ ತಿಂಗಳಲ್ಲಿ ನಮ್ಮಿಬ್ಬರಿಗೂ ಮೇಲೆ ಪ್ರವೇಶವಿಲ್ಲ. ನಾನೇನು ಮಾಡಿದ್ದೆ ಅಂತ ಕೇಳಬೇಡಿ, ಗಂಡನ ಪಾಪದಲ್ಲಿ ಪಾಲು.

ಮೇಲೆ ಹೋಗಿ ನೋಡಿದರೆ ಏಸಿಯ ಡಬ್ಬವೇ ಇರಲಿಲ್ಲ! ಅದರ ಜಾಗದಲ್ಲೊಂದು ನೀಲಿ ಟಾರ್ಪಾಲಿನ ಡೇರೆ. ನಾಲ್ಕೂ ಕಡೆ ಬಿಗಿಯಾಗಿ ಹಗ್ಗ ಕಟ್ಟಿ, ಇಟ್ಟಿಗೆ ಹೇರಿತ್ತು. ಪಕ್ಕದಲ್ಲಿ ಮಣೆ ಹಾಕಿಕೊಂಡು ಅತ್ತೆ ಕೂತಿದ್ದರು. ಟಾರ್ಪಾಲಿನ ಮೂಲೆ ಎತ್ತಿದರೆ ಒಳಗಿಂದ ಹಬೆ ಮುಖಕ್ಕೆ ಹೊಡೆಯಿತು. ಚಾಪೆಯ ಮೇಲೆ ಸಾಲುಸಾಲು ಹಪ್ಪಳ, ಹಿಂದೆ ಉಸಿರುಗಟ್ಟಿದ ನನ್ನ ಏಸಿ.

"ಎಂತ ಅತ್ತೆ ಇದು!"

"ಕೂಗಬೇಡ. ಊಟ ಆಗೋ ಹೊತ್ತಿಗೆ ಮೋಡ ಹಾಕ್ತದೆ. ಹಪ್ಪಳಕ್ಕೆ ಬೂಷ್ಟು ಬರ್ತಿತ್ತು. ಈ ಡಬ್ಬ ಅಷ್ಟು ಒಳ್ಳೇ ಬಿಸಿ ಗಾಳಿಯನ್ನ ಆಕಾಶಕ್ಕೆ ಬಿಡ್ತಾ ಕೂತಿತ್ತು, ಸುಮ್ನೆ ಹಾಳು. ಅದಕ್ಕೇ ಕಟ್ಟಿಟ್ಟೆ." ಆಮೇಲೆ ನನ್ನ ಮೇಲೇ ತಿರುಗಿಬಿದ್ದರು. "ನೀನು ನಡುನಡುವೆ ಆಫ್ ಮಾಡ್ತೀಯಲ್ಲ, ಅದೊಂದೇ ಕಷ್ಟ."

"ನಾನು ಆಫ್ ಮಾಡಿಲ್ಲ ಅತ್ತೆ! ನೀವು ಕಟ್ಟಿದ್ದಕ್ಕೆ ಸೆಕೆ ತಾಳದೆ ಅದೇ ನಿಲ್ತಿದೆ! ಇಲ್ಲಿ ಬಿಸಿ ಹೊರಗೆ ಹೋದ್ರೆ ತಾನೇ ಕೆಳಗೆ ತಣ್ಣಗಾಗೋದು!"

"ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?" ಅಂದರು, ನಿಜವಾಗಿಯೂ ಗೊತ್ತಿಲ್ಲದೆ.

ನನಗೆ ನಗುವೂ ಅಳುವೂ ಒಟ್ಟಿಗೇ ಬಂತು, ಜೊತೆಗೆ ಒಲೆಯೂ ಹೊತ್ತಿಕೊಂಡಿತು. ಟ್ಯಾಂಕಿಗೆ ಒರಗಿ ಕೂತು ಸೆರಗಿನಲ್ಲಿ ಗಾಳಿ ಹಾಕಿಕೊಂಡೆ. ಅತ್ತೆ ನನ್ನ ಕೆಂಪು ಮುಖ ನೋಡಿದರು.

"ಮುಟ್ಟು ನಿಲ್ತಾ ಇದೆಯಾ ನಿಂಗೆ?"

ಹೂಂ ಅಂದೆ. ಅದುವರೆಗೆ ಅವರ ಹತ್ತಿರ ಹೇಳಿರಲಿಲ್ಲ. ಎಣ್ಣೆ ಬಟ್ಟಲಿನ ಕಥೆಯನ್ನೂ, ಅವರ ಮಗ ಹೇಳಿದ್ದನ್ನೂ ಹೇಳಿದೆ.

"ನಂಗೂ ಆಗಿತ್ತು. ನಿಮ್ಮ ಮಾವನ ಹತ್ರ ಹೇಳಿದ್ರೆ, ಒಲೆ ಮುಂದೆ ಕೂತವಳಿಗೆ ಸೆಕೆ ಆಗದೇ ಇರ್ತದಾ ಅಂದ್ರು. ಮತ್ತೆ ಯಾರಿಗೂ ಹೇಳ್ಲಿಲ್ಲ." ಅತ್ತೆ ಎದ್ದು ಹಗ್ಗ ಬಿಚ್ಚತೊಡಗಿದರು. ಬಿಚ್ಚುತ್ತಾ ಬಿಚ್ಚುತ್ತಾ ಅವರ ಕೈ ನಿಂತಿತು. "ಅವನು ಮಲಗೋದು ಎಷ್ಟು ಗಂಟೆಗೆ?"

ಸೋಮವಾರ ಹನ್ನೆರಡಕ್ಕೇ ಡೇರೆ ಎದ್ದಿತು. ಅತ್ತೆ ಊಟ ಬಡಿಸಿ ಏನೂ ಅರಿಯದವರ ಹಾಗೆ ಅಡಿಕೆ ಕತ್ತರಿಸುತ್ತಾ ಕೂತರು. ಎರಡು ಗಂಟೆಗೆ ನಮ್ಮನೆಯವರು ಬನಿಯನ್ ಒದ್ದೆ ಮಾಡಿಕೊಂಡು ಹೊರಗೆ ಬಂದರು. ಏಸಿ ತಣ್ಣಗಿಲ್ಲ ಅಂದರು. ನನಗೇನೂ ಗೊತ್ತಾಗಲಿಲ್ಲವಲ್ಲ ಅಂದೆ. ಮಂಗಳವಾರವೂ ಅದೇ. ಬುಧವಾರ ಬಾಗಿಲ ಸಂದಿಗೆ ಗೋಣಿಚೀಲ ತುರುಕಿ ಮಲಗಿದರು ಪಾಪ. ಎದ್ದು ಬಂದಾಗ ಅವರ ಕೈಯಲ್ಲಿ ನನ್ನ ಎಣ್ಣೆ ಬಟ್ಟಲಿತ್ತು.

"ನೋಡು, ನೀರಾಗಿದೆ ನೋಡು! ನಾನು ಸುಳ್ಳು ಹೇಳ್ತಿಲ್ಲ ಮಾರಾಯ್ತಿ!"

ಉತ್ತರ ನನ್ನ ನಾಲಿಗೆಯ ತುದಿಯಲ್ಲಿತ್ತು. ಅವರ ಮುಖ ನೋಡಿ ಹೇಳಲಾಗಲಿಲ್ಲ. ಅತ್ತೆ ಅಡಕತ್ತರಿಯಿಂದ ತಲೆ ಎತ್ತದೆ ಹೇಳಿದರು: "ಅದರ ಪಕ್ಕ ನೀನೇ ಮಲಗಿದ್ರೆ ಕರಗದೇ ಇರ್ತದನೋ?"

ಅವರು ಅಮ್ಮನನ್ನು ನೋಡಿದರು, ನನ್ನನ್ನು ನೋಡಿದರು. ಅರ್ಥವಾಗಲು ಒಂದು ನಿಮಿಷ ಬೇಕಾಯಿತು. ಬಟ್ಟಲನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು.

"ನಿಂಗೆ ದಿನಾ ಹೀಗೇ ಆಗ್ತಿತ್ತಾ?"

"ದಿನಾ" ಅಂದೆ.

ಅವರು ಆಫೀಸಿಗೆ ಹೊತ್ತಾಯಿತು ಅನ್ನಲಿಲ್ಲ. ಕುರ್ಚಿ ಎಳೆದುಕೊಂಡು ನನ್ನ ಎದುರು ಕೂತರು. "ಹೇಳು, ಹೇಗಾಗ್ತದೆ?" ಅಂದರು.